ಉಸಿರು ನಿಲ್ಲುವ ಗೊರಕೆಗೆ ಆಪರೇಷನ್ ಮಾಡಿಸಬೇಕಾ? ಯಾವುದು, ಯಾರಿಗೆ?

ಮಲೆನಾಡ_ಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ಗೊರಕೆ ವಿಷಯ ಕೇಳಬೇಕಿತ್ತು. ಬರೀ ಸದ್ದಾಗಿದ್ದರೆ ಕೇಳುತ್ತಿರಲಿಲ್ಲ. ಮಧ್ಯದಲ್ಲಿ ಉಸಿರು ಪೂರ್ತಿ ನಿಂತು ಹೋಗುತ್ತದೆ, ಆಮೇಲೆ ಗಕ್ಕನೆ ಎಳೆದುಕೊಂಡು ಮತ್ತೆ ಶುರುವಾಗುತ್ತದೆ. ಅವರಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗಿರುವ ನನಗೆ ಮುಂದಿನ ಉಸಿರು ಬರುವ ತನಕ ಜೀವದಲ್ಲಿ ಜೀವ ಇರುವುದಿಲ್ಲ.

ವಯಸ್ಸು 46. ತೂಕ 79 ಕೆಜಿ, ಎತ್ತರ 5 ಅಡಿ 6 ಇಂಚು. ಬಿಪಿಗೆ ಎರಡು ಮಾತ್ರೆ ನಡೆಯುತ್ತಿವೆ. ಶುಗರ್ ಇಲ್ಲ, ಥೈರಾಯ್ಡ್ ನಾರ್ಮಲ್. ಹಾಸನದಲ್ಲಿ ರಾತ್ರಿ ಮಲಗಿಸಿ ಸ್ಲೀಪ್ ಸ್ಟಡಿ ಮಾಡಿಸಿದೆವು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅನ್ನುವ ಎಎಚ್‌ಐ ಲೆಕ್ಕ 38 ಬಂತು, ಆಕ್ಸಿಜನ್ 76ರ ತನಕ ಇಳಿದಿತ್ತು. ತೀವ್ರ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಅಂತ ಬರೆದಿದ್ದಾರೆ. ಮಾಸ್ಕ್‌ನಿಂದ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಮೆಷೀನ್ ಹಾಕಿಕೊಂಡು ಮಲಗಿ ಅಂದರು, ಕೊಂಡೆವು. ಆದರೆ ಅವರಿಗೆ ಅದು ಒಗ್ಗುತ್ತಿಲ್ಲ. ಮೊದಲೇ ಒಂದು ಮೂಗು ಯಾವಾಗಲೂ ಕಟ್ಟಿರುತ್ತದೆ, ಬಾಯಿ ಒಣಗುತ್ತದೆ, ಮಾಸ್ಕ್ ಪಕ್ಕದಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಅರ್ಧ ರಾತ್ರಿಗೆ ಕಿತ್ತು ಪಕ್ಕಕ್ಕೆ ಇಡುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ನಿಮಗೆಲ್ಲ ಗೊತ್ತೇ ಇದೆ. ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ.

ಅವರ ಕೆಲಸ ಪಿಕಪ್ ಓಡಿಸುವುದು. ಕುಯ್ಲಿನ ಸಮಯದಲ್ಲಿ ಕಾಫಿ ಮೂಟೆ ಹೇರಿಕೊಂಡು ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್‌ಗೆ ಹೋಗಿ ಬರುತ್ತಾರೆ. ಈಚೆಗೆ ಬೇಲೂರು ರಸ್ತೆಯಲ್ಲಿ ಹಗಲು ಹೊತ್ತಲ್ಲೇ ಕಣ್ಣು ಮುಚ್ಚಿ ಗಾಡಿ ರಸ್ತೆಯಿಂದ ಕೆಳಗಿಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಒಬ್ಬ ಇಎನ್‌ಟಿ ಡಾಕ್ಟರ್ ಅಂಗುಳದ ಆಪರೇಷನ್ ಮಾಡಿಸಿಬಿಡಿ, ಮೆಷೀನೇ ಬೇಕಾಗುವುದಿಲ್ಲ ಅಂದರು. ಇನ್ನೊಬ್ಬರು ಬೇಡವೇ ಬೇಡ, ಮತ್ತೆ ಬರುತ್ತದೆ ಅಂದರು. ನಮ್ಮ ಭಾವ ಮೂಗಿನ ಮೂಳೆ ಸರಿ ಮಾಡಿಸಿದರೆ ಸಾಕು ಅನ್ನುತ್ತಾರೆ. ನನಗೆ ದಿಕ್ಕೇ ತೋಚುತ್ತಿಲ್ಲ. ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಅರಸೀಕೆರೆ_ತೆಂಗು

ಅಕ್ಕ, ನಿಮ್ಮ ಭಾವ ಹೇಳಿದ್ದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ನನಗೂ ಮೂಗಿನ ಮೂಳೆ ಸೊಟ್ಟ ಇತ್ತು, ಸರಿ ಮಾಡಿಸಿದೆ. ಜೊತೆಗೆ ಮೂಗಿನೊಳಗೆ ಊದಿಕೊಂಡಿದ್ದ ಟರ್ಬಿನೇಟ್ ಅನ್ನುವ ಪಕ್ಕದ ಗೋಡೆಯ ಮಡಿಕೆಯನ್ನೂ ಸಣ್ಣದು ಮಾಡಿದರು. ಅದರಿಂದ ಆಪ್ನಿಯಾ ಹೋಗಲಿಲ್ಲ. ಹೋಗುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೆ ಮೂಗಲ್ಲಿ ಉಸಿರಾಡುವುದು ಸಲೀಸಾಯಿತು. ಮುಖ ಪೂರ್ತಿ ಮುಚ್ಚುವ ದೊಡ್ಡ ಮಾಸ್ಕ್ ಬಿಟ್ಟು ಮೂಗಿನ ಕೆಳಗೆ ಮಾತ್ರ ಕೂರುವ ಚಿಕ್ಕದಕ್ಕೆ ಬಂದೆ. ಮೆಷೀನಿನ ಪ್ರೆಷರ್ ಕೂಡ ಕಡಿಮೆ ಮಾಡಿದರು. ಈಗ ಅದಿಲ್ಲದೆ ನನಗೇ ಮಲಗಲು ಆಗುವುದಿಲ್ಲ.

ಕರೆಂಟ್ ವಿಷಯಕ್ಕೆ: ಮನೆಯ ಇನ್ವರ್ಟರ್ ಸಾಕು. ಮೆಷೀನ್ ಜಾಸ್ತಿ ಕರೆಂಟ್ ತಿನ್ನುವುದು ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್‌ಗೆ. ಕರೆಂಟ್ ಹೋದ ರಾತ್ರಿ ಅದನ್ನು ಆಫ್ ಮಾಡಿ ಬರೀ ಗಾಳಿ ಬಿಡಿ, ಬ್ಯಾಟರಿ ಬೆಳಗಿನ ತನಕ ಬರುತ್ತದೆ. ಕೆಲವು ಮೆಷೀನ್‌ಗಳಿಗೆ ಬ್ಯಾಟರಿಯಿಂದಲೇ ನೇರ ಕೊಡುವ ಅಡಾಪ್ಟರ್ ಬರುತ್ತದೆ. ನಿಮ್ಮ ಕಂಪನಿಯದಕ್ಕೆ ಇದೆಯಾ ಕೇಳಿ ನೋಡಿ.

ಇಎನ್‌ಟಿ_ಹಾಸನ

ನಾನು ಇಎನ್‌ಟಿ ಡಾಕ್ಟರ್, ಗೊರಕೆಯ ಕೇಸ್‌ಗಳನ್ನು ಜಾಸ್ತಿ ನೋಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ ಮೇಡಂ.

ಮೊದಲ ಮಾತು. ಅವರು ಸದ್ಯಕ್ಕೆ ಗಾಡಿ ಓಡಿಸಬಾರದು. ಆಪರೇಷನ್ ಬೇಕೋ ಬೇಡವೋ ಆಮೇಲೆ ನೋಡೋಣ. ಹಗಲಲ್ಲಿ ಕಣ್ಣು ಮುಚ್ಚುವವರೆಗೆ ಬಂದಿದೆ ಅಂದರೆ ಮೂಟೆ ಹೇರಿಕೊಂಡು ತಿರುವು ರಸ್ತೆಯಲ್ಲಿ ಹೋಗುವುದು ಅವರಿಗೂ ಎದುರಿಗೆ ಬರುವವರಿಗೂ ಅಪಾಯ. ಬೇರೆ ಡ್ರೈವರ್ ಇಟ್ಟುಕೊಳ್ಳಿ.

ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತುಂಬಾ ಕಡಿಮೆಯಾಯಿತು ಅನ್ನುವ ಲೆಕ್ಕ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ತೋಟದ ಪಂಪಿಗೆ ಮೆತ್ತನೆ ಪೈಪ್ ಹಾಕಿ ನೀರು ಎಳೆದರೆ ಪೈಪ್ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದಲ್ಲ, ಉಸಿರು ಎಳೆದಾಗ ಗಂಟಲಲ್ಲಿ ಆಗುವುದೂ ಅದೇ. ಸಿಪ್ಯಾಪ್ ಒಳಗಿನಿಂದ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಎಲ್ಲಿ ಮುಚ್ಚಿದರೂ ಸರಿ, ಅದು ಕೆಲಸ ಮಾಡುತ್ತದೆ. ಆಪರೇಷನ್ ಹಾಗಲ್ಲ, ಯಾವ ಜಾಗಕ್ಕೆ ಮಾಡುತ್ತೇವೋ ಆ ಜಾಗಕ್ಕೆ ಮಾತ್ರ ಉಪಯೋಗ. ಆದ್ದರಿಂದ ನೀವು ಯಾವ ಆಪರೇಷನ್ ಅಂತ ಕೇಳುವ ಮೊದಲು ಎಲ್ಲಿ ಮುಚ್ಚುತ್ತಿದೆ ಅಂತ ಕೇಳಬೇಕು. ಮೂಗಿನ ಹಿಂದೆ ಅಂಗುಳದ ಮಟ್ಟದಲ್ಲಾ, ಟಾನ್ಸಿಲ್ ಪಕ್ಕದ ಗೋಡೆಗಳಾ, ನಾಲಿಗೆಯ ಬುಡವಾ, ಇನ್ನೂ ಕೆಳಗೆ ಧ್ವನಿಪೆಟ್ಟಿಗೆಯ ಮುಚ್ಚಳವಾ. ತುಂಬಾ ಜನರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಮುಚ್ಚುತ್ತದೆ.

ಅದನ್ನು ನೋಡಲು ಡೈಸ್ ಅನ್ನುವ ಪರೀಕ್ಷೆ ಇದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರ್ ಔಷಧಿ ಕೊಟ್ಟು ನಿದ್ದೆ ಬರಿಸುತ್ತಾರೆ. ಗೊರಕೆ ಶುರುವಾದಾಗ ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಯಾವ ಜಾಗ ಕುಸಿಯುತ್ತಿದೆ ಅಂತ ಕಣ್ಣಾರೆ ನೋಡುತ್ತೇವೆ. 1991ರಿಂದ ಇರುವ ಪದ್ಧತಿ ಇದು, ಹೊಸದೇನಲ್ಲ. ವಯಸ್ಕರಿಗೆ ಅದನ್ನು ಮಾಡದೆ ನೇರ ಅಂಗುಳಕ್ಕೆ ಕೈ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ.

ಈಗ ಅಂಗುಳದ ಆಪರೇಷನ್. ಹಳೆಯದು ಯುಪಿಪಿಪಿ. ಟಾನ್ಸಿಲ್ ತೆಗೆದು, ಕಿರುನಾಲಗೆ ಮತ್ತು ಮೆದು ಅಂಗುಳದ ಅಂಚನ್ನು ಕತ್ತರಿಸಿ ಹೊಲಿಯುವುದು. 1981ರಲ್ಲಿ ಫುಜಿಟಾ ಎಂಬ ಡಾಕ್ಟರ್ ಇದನ್ನು ಆಪ್ನಿಯಾಗೆ ಬಳಸಿದ ವರದಿ ಬಂತು. ಅದೇ ವರ್ಷ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಸಿಪ್ಯಾಪ್ ವರದಿಯನ್ನೂ ಪ್ರಕಟಿಸಿದರು. ಅದಕ್ಕೂ ಮುಂಚೆ ಇದ್ದ ಗಟ್ಟಿ ದಾರಿ ಒಂದೇ, ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಇಡುವುದು. ಈಗಿನ ಪದ್ಧತಿಗಳಲ್ಲಿ ಕತ್ತರಿಸುವುದು ಕಡಿಮೆ. ಪಕ್ಕದ ಸ್ನಾಯುವನ್ನು ಮುಂದಕ್ಕೂ ಹೊರಕ್ಕೂ ಎಳೆದು ಹೊಲಿದು ಗಂಟಲ ಗೋಡೆಯನ್ನು ಬಿಗಿ ಮಾಡುತ್ತೇವೆ. ಮುಳ್ಳಿನಂಥ ಹಿಡಿತ ಇರುವ ದಾರದಿಂದ ಗಂಟು ಹಾಕದೆಯೇ ಎಳೆದು ನಿಲ್ಲಿಸುವ ವಿಧಾನವೂ ಇದೆ.

ಇದರಿಂದ ಎಷ್ಟು ಉಪಯೋಗ? ಸ್ವೀಡನ್ನಿನಲ್ಲಿ ಯುಪಿಪಿಪಿ ಮೇಲೆ 65 ಜನರ ಅಧ್ಯಯನ ನಡೆದಿತ್ತು. ಆಪರೇಷನ್ ಆದವರಲ್ಲಿ ಸರಾಸರಿ ಎಎಚ್‌ಐ 53ರಿಂದ 21ಕ್ಕೆ ಇಳಿಯಿತು, ಆಪರೇಷನ್‌ಗೆ ಕಾಯುತ್ತಿದ್ದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಸಿಪ್ಯಾಪ್ ಒಗ್ಗದ 102 ಜನರ ಅಧ್ಯಯನ 2020ರಲ್ಲಿ ಬಂತು. ಅಂಗುಳ ಮತ್ತು ನಾಲಿಗೆ ಎರಡಕ್ಕೂ ಮಾಡಿದಾಗ ಆರು ತಿಂಗಳಲ್ಲಿ ಸುಮಾರು 48ರಿಂದ 21ಕ್ಕೆ ಬಂತು. ನಿಜವಾದ ಲಾಭ ಇದು, ಆಪರೇಷನ್ ದಂಡ ಅನ್ನುವವರ ಮಾತು ಸರಿಯಲ್ಲ. ಆದರೆ 21 ಅಂದರೆ ಇನ್ನೂ ಮಧ್ಯಮ ಮಟ್ಟದ ಆಪ್ನಿಯಾ. ಮೆಷೀನೇ ಬೇಡ ಅಂತ ಮೊದಲೇ ಮಾತು ಕೊಡುವುದು ಯಾರಿಂದಲೂ ಸಾಧ್ಯವಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಡಾಕ್ಟರುಗಳು ‘ಸಕ್ಸಸ್’ ಅಂದಾಗ ಸಾಮಾನ್ಯವಾಗಿ ಎಎಚ್‌ಐ ಅರ್ಧಕ್ಕೆ ಇಳಿದು 20ಕ್ಕಿಂತ ಕೆಳಗೆ ಬಂದರೆ ಸಾಕು ಅಂತ ಲೆಕ್ಕ. ನಿಮ್ಮವರ 38 ಹೋಗಿ 18 ಆದರೂ ಸಕ್ಸಸ್ ಎಂದೇ ಬರೆಯುತ್ತಾರೆ. ನಿಮ್ಮ ಮನಸ್ಸಿನಲ್ಲಿರುವ ಸಕ್ಸಸ್ ಬೇರೆ. ಆಪರೇಷನ್‌ಗೆ ಒಪ್ಪುವ ಮುಂಚೆ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ: ನಿಮ್ಮ ಪ್ರಕಾರ ಎಷ್ಟಕ್ಕೆ ಇಳಿಯಬಹುದು, ಇಳಿಯದಿದ್ದರೆ ಮುಂದೇನು?

ಮನೆಯಲ್ಲೇ ಒಂದು ನೋಡಿ. ಅವರಿಗೆ ಬಾಯಿ ದೊಡ್ಡದಾಗಿ ತೆರೆಯಲು ಹೇಳಿ, ನಾಲಿಗೆ ಹೊರಗೆ ಚಾಚುವುದು ಬೇಡ. ಟಾರ್ಚ್ ಬಿಟ್ಟು ನೋಡಿ. ಟಾನ್ಸಿಲ್ ದೊಡ್ಡದಾಗಿ ಎದ್ದು ಕಾಣುತ್ತದೆಯಾ, ಕಿರುನಾಲಗೆ ಕಾಣುತ್ತದೆಯಾ? ದೊಡ್ಡ ಟಾನ್ಸಿಲ್ ಇದ್ದು ನಾಲಿಗೆ ಕೆಳಗೆ ಕೂತಿರುವವರಿಗೆ ಅಂಗುಳದ ಆಪರೇಷನ್ ಚೆನ್ನಾಗಿ ಹಿಡಿಯುತ್ತದೆ. ಫ್ರೀಡ್‌ಮನ್ ಎಂಬ ಸರ್ಜನ್ ಲೆಕ್ಕ ಹಾಕಿದಾಗ ಇಂಥವರಲ್ಲಿ 80% ಆಸುಪಾಸು ಸಕ್ಸಸ್ ಸಿಕ್ಕಿತ್ತು. ಟಾನ್ಸಿಲ್ ಸಣ್ಣದಿದ್ದು ನಾಲಿಗೆ ಎತ್ತರ ಇದ್ದವರಲ್ಲಿ ಅದೇ ಆಪರೇಷನ್‌ಗೆ 10%ಗಿಂತಲೂ ಕಡಿಮೆ. ಒಂದೇ ಆಪರೇಷನ್, ಗಂಟಲು ಬೇರೆ. ಒಬ್ಬ ಡಾಕ್ಟರ್ ‘ಮಾಡಿಸಿ’ ಅಂದರೆ ಇನ್ನೊಬ್ಬರು ‘ಬೇಡ’ ಅನ್ನುವುದಕ್ಕೆ ಕಾರಣ ಇದೇ.

ಬೇಲೂರು_ಬಸ್‌ಸ್ಟ್ಯಾಂಡ್

ನಮ್ಮ ಅಣ್ಣನಿಗೆ ಅಂಗುಳದ್ದೇ ಮಾಡಿಸಿದ್ದು. ಡಾಕ್ಟರ್ ಸರ್ ಹೇಳಿದ್ದು ಸರಿ, ಆದರೆ ನೋವಿನ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ನಾನು ಹೇಳುತ್ತೇನೆ. ಎರಡು ವಾರ ಗಂಟಲು ಉರಿ, ನುಂಗಿದರೆ ಕಿವಿಗೆ ಹೊಡೆಯುವ ನೋವು. ಅಣ್ಣ ಎಂಜಲು ನುಂಗಲೂ ಹೆದರುತ್ತಿದ್ದ. ಗಂಜಿ, ಮಜ್ಜಿಗೆ, ಮೆತ್ತಗೆ ಕಲಸಿದ ಅನ್ನ, ತಣ್ಣಗಿನ ರಾಗಿ ಅಂಬಲಿ ಇಷ್ಟೇ. ಮೊದಮೊದಲು ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು, ಆಮೇಲೆ ಸರಿಹೋಯಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುವುದು ಇವತ್ತಿಗೂ ಒಂದೊಂದು ಸಲ ಇದೆ.

ಗೊರಕೆ ನಿಂತಿತು. ಮನೆಯವರೆಲ್ಲ ಕಾಯಿಲೆ ಹೋಯಿತು ಅಂತ ಖುಷಿಪಟ್ಟರು. ಅತ್ತಿಗೆ ಮಾತ್ರ ಹಠ ಹಿಡಿದು ಮೂರು ತಿಂಗಳಾದ ಮೇಲೆ ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿದರು. ಎಎಚ್‌ಐ 44 ಇದ್ದದ್ದು 17 ಆಗಿತ್ತು. ಅಂದರೆ ಸದ್ದು ಹೋಗಿದೆ, ಉಸಿರು ನಿಲ್ಲುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಸದ್ದಿಲ್ಲದೆ ಉಸಿರು ನಿಂತರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ ಅಲ್ವಾ? ಈಗ ಕಡಿಮೆ ಪ್ರೆಷರಿನಲ್ಲಿ ಮೆಷೀನ್ ಹಾಕುತ್ತಾನೆ. ಹಗಲು ನಿದ್ದೆ ಇಲ್ಲ, ಮುಖದಲ್ಲಿ ಕಳೆ ಬಂದಿದೆ. ಮಾಡಿಸಿದ್ದಕ್ಕೆ ಅವನಿಗೆ ಬೇಜಾರಿಲ್ಲ. ಅಕ್ಕ, ಏನೇ ಮಾಡಿಸಿದರೂ ಆಮೇಲಿನ ಸ್ಲೀಪ್ ಸ್ಟಡಿ ಬಿಡಬೇಡಿ.

ಚನ್ನರಾಯಪಟ್ಟಣ_ಅಮ್ಮ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ಆರು ವರ್ಷ. ಬಾಯಿ ತೆರೆದೇ ಮಲಗುತ್ತಾನೆ, ಗೊರಕೆ, ರಾತ್ರಿಯೆಲ್ಲ ಹೊರಳಾಟ, ಬೆಳಗ್ಗೆ ಎದ್ದರೆ ಸಿಡುಕು. ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್ ಗಡ್ಡೆ ತೆಗೆಯಬೇಕು ಅಂದಿದ್ದಾರೆ. ಅವನಿಗೂ ನೀವು ಹೇಳಿದ ಡೈಸ್ ಎಲ್ಲ ಬೇಕಾ ಡಾಕ್ಟರ್?

ಇಎನ್‌ಟಿ_ಹಾಸನ

ಸಾಮಾನ್ಯವಾಗಿ ಬೇಡ ಅಮ್ಮ. ಮಕ್ಕಳ ಲೆಕ್ಕವೇ ಬೇರೆ. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡು ಆಪ್ನಿಯಾ ಬಂದ ಮಗುವಿಗೆ ಅವೆರಡನ್ನು ತೆಗೆಯುವುದೇ ಮೊದಲ ಚಿಕಿತ್ಸೆ. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಬಂತು. ಆಪರೇಷನ್ ಆದ ಮಕ್ಕಳಲ್ಲಿ ನಿದ್ದೆ, ನಡವಳಿಕೆ, ಲವಲವಿಕೆ ಎಲ್ಲ ಆಪರೇಷನ್ ಇಲ್ಲದೆ ಕಾದವರಿಗಿಂತ ಚೆನ್ನಾಗಿ ಸುಧಾರಿಸಿತು. ಮಗು ತುಂಬಾ ದಪ್ಪ ಇದ್ದರೆ ಅಥವಾ ಬೇರೆ ಕಾಯಿಲೆ ಇದ್ದರೆ ಮಾತ್ರ ಜಾಸ್ತಿ ಪರೀಕ್ಷೆ ಬೇಕಾಗುತ್ತದೆ. ಆಪರೇಷನ್ ಆದ ಮೇಲೂ ಗೊರಕೆ ಉಳಿದರೆ ವಾಪಸ್ ತೋರಿಸಿ.

ದವಡೆ_ಡಾಕ್ಟರ್ (ಹಾಸನ)

ನಾನು ದಂತವೈದ್ಯೆ. ಇಲ್ಲಿ ಯಾರೂ ದವಡೆಯ ಮಾತೇ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪಕ್ಕದಿಂದ ನೋಡಿದಾಗ ಗಲ್ಲ ಹಿಂದಕ್ಕೆ ಹೋದ ಹಾಗಿರುವವರಿಗೆ, ಚಿಕ್ಕ ದವಡೆಯವರಿಗೆ ದಪ್ಪ ಇಲ್ಲದಿದ್ದರೂ ಆಪ್ನಿಯಾ ಬರುತ್ತದೆ. ನಾಲಿಗೆಗೆ ಜಾಗವೇ ಸಾಲದೆ ಅದು ಹಿಂದಕ್ಕೆ ಬೀಳುತ್ತದೆ. ಸೌಮ್ಯ, ಮಧ್ಯಮ ಇದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಉಪಕರಣ ಮಾಡಿಕೊಡುತ್ತೇವೆ, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವುದು. ತೀವ್ರ ಇದ್ದು ಸಿಪ್ಯಾಪ್ ಆಗುವುದೇ ಇಲ್ಲ ಅನ್ನುವವರಿಗೂ ಇದನ್ನು ಪ್ರಯತ್ನಿಸಬಹುದು. ಹಲ್ಲು ಗಟ್ಟಿ ಇರಬೇಕು ಅಷ್ಟೇ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬೇಡ.

ಆಪರೇಷನ್‌ಗಳ ಪೈಕಿ ಎಎಚ್‌ಐ ಅನ್ನು ಚೆನ್ನಾಗಿ ಇಳಿಸುವುದು ಎರಡೂ ದವಡೆಯನ್ನು ಮುಂದಕ್ಕೆ ತರುವ ಎಂಎಂಎ. ಮೇಲಿನ ಮತ್ತು ಕೆಳಗಿನ ದವಡೆಯ ಮೂಳೆಯನ್ನು ಕತ್ತರಿಸಿ, ಸುಮಾರು 10 ಮಿಲಿಮೀಟರ್ ಮುಂದಕ್ಕೆ ಸರಿಸಿ, ಟೈಟಾನಿಯಂ ಪ್ಲೇಟ್ ಹಾಕಿ ಕೂರಿಸುತ್ತಾರೆ. ಅಂಗುಳ, ನಾಲಿಗೆ, ಗಂಟಲ ಗೋಡೆ ಎಲ್ಲ ಒಟ್ಟಿಗೆ ಮುಂದಕ್ಕೆ ಬರುತ್ತವೆ. ಮೇಲೆ ಹೇಳಿದ ‘ಸಕ್ಸಸ್’ ಲೆಕ್ಕದಲ್ಲಿ ಇದು 80%ಗಿಂತ ಜಾಸ್ತಿ ಜನರಿಗೆ ಹಿಡಿಯುತ್ತದೆ. ಆದರೆ ದೊಡ್ಡ ಆಪರೇಷನ್. ಕೆಳತುಟಿ, ಗಲ್ಲದಲ್ಲಿ ಜೋಮು ಉಳಿಯಬಹುದು. ಮುಖದ ಆಕಾರ ಸ್ವಲ್ಪ ಬದಲಾಗುತ್ತದೆ. ಕೆಲವರಿಗೆ ಮೊದಲು ಹಲ್ಲಿಗೆ ಕ್ಲಿಪ್ ಹಾಕಿ ಸಿದ್ಧ ಮಾಡಬೇಕು. ಬೆಂಗಳೂರು, ಮಂಗಳೂರಿನ ಕಡೆ ಅನುಭವ ಇರುವ ಮುಖ-ದವಡೆ ಸರ್ಜನ್ ಹತ್ತಿರವೇ ಹೋಗಬೇಕು. ಗಲ್ಲ ಹಿಂದಿದೆ ಅನ್ನಿಸಿದರೆ ಒಂದು ಪಕ್ಕದ ಎಕ್ಸ್‌ರೇ ತೆಗೆಸಿ ತೋರಿಸಿ.

ಮಲೆನಾಡ_ಮನೆ (ಮೂಡಿಗೆರೆ)

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ಟಾನ್ಸಿಲ್ ಕಾಣುವುದೇ ಇಲ್ಲ. ಕಿರುನಾಲಗೆಯೂ ಕಾಣಲಿಲ್ಲ, ನಾಲಿಗೆಯೇ ತುಂಬಿಕೊಂಡಿದೆ. ಗಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ಗಾಡಿ ಕೀಲಿ ತಮ್ಮನ ಕೈಗೆ ಕೊಡಿಸಿದ್ದೇನೆ. ಸ್ವಲ್ಪ ಜಗಳವೇ ಆಯಿತು, ಪರವಾಗಿಲ್ಲ.

ಇನ್ನೆರಡು ಪ್ರಶ್ನೆ. ನಾಲಿಗೆಯ ನರಕ್ಕೆ ಕರೆಂಟ್ ಕೊಡುವ ಯಂತ್ರ ಎದೆಯಲ್ಲಿ ಇಡುತ್ತಾರಂತೆ, ವೀಡಿಯೋದಲ್ಲಿ ನೋಡಿದೆ, ಅದು ಹೇಗೆ? ತೂಕ ಇಳಿಸಿದರೆ ಹೋಗುತ್ತದಾ? ಹೊಸ ಇಂಜೆಕ್ಷನ್ ಬಂದಿದೆ ಅಂತಲೂ ಕೇಳಿದೆ.

ಇಎನ್‌ಟಿ_ಹಾಸನ

ಕೀಲಿ ಕೊಡಿಸಿದ್ದು ಒಳ್ಳೆಯದಾಯಿತು ಮೇಡಂ. ಜಗಳ ಆದರೂ ಆಗಲಿ.

ನೀವು ನೋಡಿದ್ದು ಸರಿಯಾಗಿದ್ದರೆ ಬರೀ ಅಂಗುಳದ ಆಪರೇಷನ್‌ನಿಂದ ನಿಮ್ಮವರಿಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ನಾಲಿಗೆ ಬುಡದ ಪಾತ್ರ ಜಾಸ್ತಿ ಇರುವ ಹಾಗಿದೆ. ಡೈಸ್‌ನಲ್ಲಿ ಅದೇ ಕಂಡರೆ ನಾಲಿಗೆ ಬುಡವನ್ನು ರೇಡಿಯೋಫ್ರೀಕ್ವೆನ್ಸಿ ಸೂಜಿಯಿಂದ ಕುಗ್ಗಿಸುವುದು, ಕೋಬ್ಲೇಷನ್ (ಕಡಿಮೆ ಬಿಸಿಯಲ್ಲಿ ಕರಗಿಸುವ ಉಪಕರಣ) ಅಥವಾ ರೋಬೋಟ್ ಸಹಾಯದಿಂದ ಸ್ವಲ್ಪ ಭಾಗ ತೆಗೆಯುವುದು ಇಂಥ ದಾರಿಗಳಿವೆ. ತೆಗೆಯುವ ಕೆಲಸದಲ್ಲಿ ರಕ್ತಸ್ರಾವದ ಭಯ ಇದೆ, ನುಂಗುವುದು ಕೆಲವು ದಿನ ಕಷ್ಟ.

ನರದ ಯಂತ್ರ ನಿಜ. ನಿದ್ದೆಯಲ್ಲಿ ಉಸಿರು ಎಳೆಯುವ ಹೊತ್ತಿಗೆ ನಾಲಿಗೆಯ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನಾಲಿಗೆಯನ್ನು ಮುಂದಕ್ಕೆ ತಳ್ಳಿಸುತ್ತದೆ. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ 126 ಜನ ಇದ್ದರು, ಎಎಚ್‌ಐ ಒಂದು ವರ್ಷದಲ್ಲಿ 29ರಿಂದ 9ಕ್ಕೆ ಇಳಿದಿತ್ತು. ಅಂಗುಳದ ಮಟ್ಟದಲ್ಲಿ ಸುತ್ತಲೂ ಒಟ್ಟಿಗೆ ಮುಚ್ಚುವವರಿಗೆ ಅದು ಹಿಡಿಯುವುದಿಲ್ಲ, ಅದಕ್ಕೂ ಡೈಸ್ ಬೇಕು. ಖರ್ಚು ತುಂಬಾ ಜಾಸ್ತಿ. ನಮ್ಮ ಜಿಲ್ಲೆಗಳಲ್ಲಿ ಅದನ್ನು ನೆಚ್ಚಿಕೊಂಡು ಕಾಯಬೇಡಿ.

ತೂಕದ ಮಾತು. ಇಳಿಸಿದರೆ ಖಂಡಿತ ಉಪಯೋಗ. 10% ತೂಕ ಇಳಿದರೆ ಎಎಚ್‌ಐ ಸುಮಾರು 26% ಇಳಿಯುವುದು ಅಧ್ಯಯನದಲ್ಲಿ ಕಂಡಿದೆ. ನಿಮ್ಮವರಿಗೆ ಅದು ಏಳೆಂಟು ಕೆಜಿ. ತುಂಬಾ ದಪ್ಪ ಇರುವವರಿಗೆ ಹೊಟ್ಟೆ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಗಂಟಲಿನ ಆಪರೇಷನ್‌ಗಿಂತ ಜಾಸ್ತಿ ಲಾಭ ಕೊಡಬಹುದು, ಆದರೆ ನಿಮ್ಮವರದು ಆ ಮಟ್ಟದ ತೂಕ ಅಲ್ಲ. ನೀವು ಕೇಳಿದ ಇಂಜೆಕ್ಷನ್ ಅಂದರೆ ತೂಕ ಇಳಿಸುವ ಟಿರ್ಜೆಪಟೈಡ್. ಬೊಜ್ಜಿನ ಜೊತೆ ಆಪ್ನಿಯಾ ಇರುವವರಿಗೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ಭಾರತದ ಮಾರುಕಟ್ಟೆಗೆ 2025ರಲ್ಲಿ ಬಂತು. ಫಿಸಿಶಿಯನ್ ಕೇಳದೆ ಶುರು ಮಾಡಬೇಡಿ. ರಾತ್ರಿ ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ, ನಿದ್ದೆ ಮಾತ್ರೆ ಬೇಡವೇ ಬೇಡ. ಎರಡೂ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮೂಗು ಸರಿ ಮಾಡಿಸುತ್ತೇನೆ. ಯಾವಾಗಲೂ ಒಂದು ಕಡೆ ಕಟ್ಟಿರುವವರಿಗೆ ಮೆಷೀನ್ ಒಗ್ಗದಿರುವುದು ಸಹಜ. ಅರಸೀಕೆರೆಯವರು ಹೇಳಿದ ಹಾಗೆ ಬೇರೆ ಮಾಸ್ಕ್, ಇನ್ವರ್ಟರ್ ನೋಡಿ. ಅಷ್ಟಾದ ಮೇಲೂ ಆಗದಿದ್ದರೆ ಡೈಸ್ ಮಾಡಿಸಿ ಗಂಟಲಿನ ಆಪರೇಷನ್ ಯೋಚಿಸೋಣ.

ಬೇಲೂರು_ಬಸ್‌ಸ್ಟ್ಯಾಂಡ್

ಗಂಟಲಿನದು ಮಾಡಿಸುವುದಾದರೆ ಮಳೆಗಾಲದಲ್ಲಿ ಬೇಡ ಅಕ್ಕ. ಮನೆಗೆ ಬಂದ ಮೇಲೂ ಎರಡು ವಾರದ ತನಕ ರಕ್ತ ಬರುವ ಸಾಧ್ಯತೆ ಇರುತ್ತದೆ. ನಾವು ಆಸ್ಪತ್ರೆ ಹತ್ತಿರ ನೆಂಟರ ಮನೆಯಲ್ಲೇ ಉಳಿದೆವು. ರಾತ್ರಿ ಹೊತ್ತು ಮೂಡಿಗೆರೆಯಿಂದ ಹಾಸನಕ್ಕೆ ಓಡುವ ಪರಿಸ್ಥಿತಿ ಬೇಡ.

ಮಲೆನಾಡ_ಮನೆ (ಮೂಡಿಗೆರೆ)

ಆಯಿತು, ಮೂಗಿನಿಂದಲೇ ಶುರು ಮಾಡುತ್ತೇವೆ. ಅವರೂ ಒಪ್ಪಿದ್ದಾರೆ. ಮುಂದಿನ ವಾರ ತೋರಿಸಲು ಹೋಗುತ್ತೇವೆ. ಏನೇನು ತೆಗೆದುಕೊಂಡು ಹೋಗಬೇಕು ಡಾಕ್ಟರ್?

ಇಎನ್‌ಟಿ_ಹಾಸನ

ಸ್ಲೀಪ್ ಸ್ಟಡಿಯ ಎಲ್ಲ ಪುಟಗಳೂ ಬೇಕು, ಮೊದಲ ಪುಟ ಮಾತ್ರ ಸಾಲದು. ಅಂಗಾತ ಮಲಗಿದಾಗಿನ ಎಎಚ್‌ಐ ಬೇರೆ, ಮಗ್ಗುಲಾಗಿ ಮಲಗಿದಾಗಿನದು ಬೇರೆ ಬರೆದಿರುತ್ತಾರೆ, ಅದನ್ನು ನೋಡಬೇಕು. ಮೆಷೀನ್, ಮಾಸ್ಕ್ ಎರಡೂ ತೆಗೆದುಕೊಂಡು ಹೋಗಿ, ಒಳಗಿನ ಕಾರ್ಡ್‌ನಲ್ಲಿ ಎಷ್ಟು ಗಂಟೆ ಹಾಕಿದ್ದಾರೆ, ಎಷ್ಟು ಸೋರಿದೆ ಎಲ್ಲ ಇರುತ್ತದೆ. ಬಿಪಿ ಮಾತ್ರೆಯ ಚೀಟಿ ಇರಲಿ. ಮೂಗಿನದೇ ಆಗಲಿ, ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ತೀವ್ರ ಆಪ್ನಿಯಾ ಇದೆ ಅಂತ ನೀವೇ ಮೊದಲು ಹೇಳಿ. ನೋವು ಕಡಿಮೆ ಮಾಡುವ ಕೆಲವು ಜೋರಾದ ಇಂಜೆಕ್ಷನ್‌ಗಳು ಇಂಥವರ ಉಸಿರನ್ನು ಇನ್ನೂ ಕುಗ್ಗಿಸುತ್ತವೆ, ಆ ರಾತ್ರಿ ಆಕ್ಸಿಜನ್ ಮಾನಿಟರ್ ಹಾಕಿ ನೋಡಿಕೊಳ್ಳಬೇಕಾಗುತ್ತದೆ. ಮೂಗಿನ ಆಪರೇಷನ್ ಆದ ಮೇಲೆ ಮೂಗಲ್ಲಿ ಪ್ಯಾಕ್ ಇಟ್ಟಿದ್ದರೆ ಮೂಗಿನ ಮಾಸ್ಕ್ ಹಾಕಲು ಆಗುವುದಿಲ್ಲ. ಆ ದಿನಗಳಲ್ಲಿ ಹೇಗೆ ಮಲಗಬೇಕು, ತಲೆ ಎಷ್ಟು ಎತ್ತರ ಇಡಬೇಕು, ಮೆಷೀನ್ ಯಾವಾಗ ಮತ್ತೆ ಶುರು ಮಾಡಬೇಕು, ಇದನ್ನು ಡಿಸ್ಚಾರ್ಜ್‌ಗೆ ಮುಂಚೆ ಕೇಳಿ ಬರೆಸಿಕೊಳ್ಳಿ.